ಎಂಟಡಿ ಉಪ್ಪುನೀರಿನ ಟ್ಯಾಂಕಿಗೆ ಯುವಿ: ನನ್ನ ಅನುಭವ

ನನ್ನದು ಎಂಟಡಿ ಉದ್ದದ ಕಡಲ ಮೀನಿನ ಟ್ಯಾಂಕ್; ಕಲ್ಲು, ಮರಳು ಕಳೆದು ನೀರು ಹೆಚ್ಚುಕಮ್ಮಿ 1500 ಲೀಟರ್. ಅದಕ್ಕೆ ಯುವಿ, ಅಂದರೆ ಹರಿಯುವ ನೀರಿನೊಳಗಿನ ರೋಗಾಣುಗಳನ್ನು ಕೊಲ್ಲುವ ನೇರಳಾತೀತ ದೀಪ, ಹಾಕಿದ್ದೇನೆ. ‘ಯುವಿಯಿಂದ ಇಕ್ ಹೋಗಲ್ಲ, ದುಡ್ಡು ದಂಡ’ ಅಂತ ಹವಳದ (ರೀಫ್) ಟ್ಯಾಂಕ್ ಇಟ್ಟ ಬೆಂಗಳೂರಿನ ಗೆಳೆಯರೆಲ್ಲ ಹೇಳಿದ್ದರು. ಇಕ್ ಅಂದರೆ ಮೀನಿನ ಮೈಮೇಲೆ ಬಿಳಿ ಚುಕ್ಕೆ ಬರಿಸುವ ಪರಾವಲಂಬಿ. ಈಗ ವರ್ಷ ದಾಟಿದೆ, ಇಕ್ ಬೇಗ ಹತ್ತುವ ಪೌಡರ್ ಬ್ಲೂ ಟ್ಯಾಂಗ್ ಮೀನಿನ ಮೈಮೇಲೆ ಒಂದು ಚುಕ್ಕೆ ಇಲ್ಲ. ಆ ಮೀನು ಸಾಕಿದವರಿಗೆ ಇದರ ಬೆಲೆ ಗೊತ್ತು.

ಯುವಿ ಸೋಲುವುದು ನೀರಿನ ವೇಗದಿಂದ. 36 ವ್ಯಾಟ್‌ನ ಕೊಳದ ಯೂನಿಟ್ ತಂದು, ಸಂಪ್‌ನಿಂದ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ನೀರು ಮೇಲೆ ಕಳಿಸುವ ರಿಟರ್ನ್ ಪಂಪಿನ ಅಷ್ಟೂ ನೀರನ್ನು ಅದರೊಳಗೆ ನುಗ್ಗಿಸುತ್ತಾರೆ. ಹಸಿರು ನೀರು ತಿಳಿಯಾಗಲು ಅದು ಸಾಕು. ಈಜಾಡುವ ಇಕ್ ಮರಿಗೆ ಹಲವು ಪಟ್ಟು ಡೋಸ್ ಬೇಕು.

ನನ್ನದು 55 ವ್ಯಾಟ್‌ನ ಎರಡು ಪಿಎಲ್‌-ಎಲ್ (ಉದ್ದನೆಯ ಜೋಡಿ ಕೊಳವೆಯ) ಯುವಿ ದೀಪ, ಒಂದರ ಹಿಂದೆ ಒಂದು, ದಪ್ಪ ಗೋಡೆಯ ನಾಲ್ಕಿಂಚಿನ ಪಿವಿಸಿ ಪೈಪಿನೊಳಗೆ. ಪಂಪ್ ಬೇರೆಯೇ. ಗಂಟೆಗೆ 3000 ಲೀಟರ್, ಅಂದರೆ ಎರಡು ಸುತ್ತು. ಪಂಪಿನ ಡಬ್ಬಿ ಮೇಲಿನ ಲೆಕ್ಕ ನಂಬಬೇಡಿ: 20 ಲೀಟರ್ ಬಕೆಟ್ ತುಂಬಲು 24 ಸೆಕೆಂಡ್ ಹಿಡಿಯಬೇಕು, ಬೇಗ ತುಂಬಿದರೆ ವಾಲ್ವ್ ತಿರುಗಿಸಿ. ಪೈಪನ್ನು ನೆಟ್ಟಗೆ ನಿಲ್ಲಿಸಿ, ನೀರು ಕೆಳಗಿಂದ ಹೊಕ್ಕು ಮೇಲಿಂದ ಹೊರಡಲಿ, ಇಲ್ಲದಿದ್ದರೆ ಗಾಳಿ ಕಟ್ಟಿಕೊಳ್ಳುತ್ತದೆ. ಸ್ಟೀಲ್ ಬಾಡಿ ಬೇಡವೇ ಬೇಡ, ಉಪ್ಪು ತಿಂದುಹಾಕುತ್ತದೆ. ಬಾಯಿಗೆ ನೇರ ಹೋಸ್ ಸಿಕ್ಕಿಸಿದರೆ ಬೆಳಕು ಬಿದ್ದು ಸೀಳುತ್ತದೆ, ನಡುವೆ ಎಲ್ಬೋ ಕೊಡಿ.

ಎಸ್‌.ಪಿ. ರಸ್ತೆಯ ಚೋಕ್ ಸೇರಿ ಒಟ್ಟು 24–25 ಸಾವಿರ. ಹೊರದೇಶದ ಯೂನಿಟ್‌ಗೆ 80 ಸಾವಿರದ ಹತ್ತಿರ ಕೇಳಿದ್ದರು. ದೀಪಗಳ ಕರೆಂಟು ತಿಂಗಳಿಗೆ 80 ಯೂನಿಟ್, ಸುಮಾರು 500 ರೂಪಾಯಿ. ಏಪ್ರಿಲ್‌ನಲ್ಲಿ ದೀಪದ ಬಿಸಿಗೆ ಚಿಲ್ಲರ್ (ನೀರು ತಂಪುಮಾಡುವ ಯಂತ್ರ) ಹೆಚ್ಚು ಓಡುವ ಖರ್ಚು ಬೇರೆ.

ಹೆಚ್ಚು ಕಾಡಿದ್ದು ಕ್ವಾರ್ಟ್ಜ್ ಸ್ಲೀವ್, ಅಂದರೆ ದೀಪಕ್ಕೆ ನೀರು ತಾಗದಂತೆ ಮುಚ್ಚುವ ಗಾಜಿನ ಕೊಳವೆ. ಕರೆಂಟು ಹೋಗಿ ಬಂದಾಗ ಪಂಪ್ ನೀರೆಳೆಯದೆ ದೀಪ ಮಾತ್ರ ಹತ್ತಿದರೆ ನಿಂತ ನೀರು ಕಾಯುತ್ತದೆ, ಹಾಗಾದಾಗ ನನ್ನ ಸ್ಲೀವ್ ಬಿರುಕು ಬಿಟ್ಟಿದ್ದುಂಟು. ನೀರು ಹರಿದರೆ ಮಾತ್ರ ದೀಪ ಹತ್ತಿಸುವ ಫ್ಲೋ ಸ್ವಿಚ್ ಹಾಕಿದ ಮೇಲೆ ಒಂದೂ ಒಡೆದಿಲ್ಲ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದೆ ಇದನ್ನು ಚಾಲೂ ಮಾಡಲೇಬೇಡಿ. ಲೀಟರಿಗೆ 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಬಿಸಿ ಸ್ಲೀವ್ ಮೇಲೆ ತಿಂಗಳೆರಡರಲ್ಲಿ ಬಿಳಿ ಪೊರೆ ಕೂರುತ್ತದೆ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕದಡಿದ ನೀರಲ್ಲಿ ಅರ್ಧ ಗಂಟೆ ನೆನೆಸಿ, ಗ್ಲೌಸ್ ಹಾಕಿ ಒರೆಸಿ. ಓ-ರಿಂಗ್ ಸೋರದಂತೆ ಕೂರಿಸಲು ನನ್ನದೊಂದು ವರಸೆ ಇದೆ, ಅದು ನನ್ನ ಹತ್ತಿರವೇ ಇರಲಿ. ದೀಪ ನೀಲಿಯಾಗಿ ಉರಿಯುತ್ತಿದ್ದರೂ 9000 ಗಂಟೆ ಆದಮೇಲೆ ಬದಲಿಸಿ.

ಇದೇ ಜೋಡಣೆಯನ್ನು ಡೈನೋ (ಮರಳಿನ ಮೇಲೆ ಕಂದು ಲೋಳೆ ಕಟ್ಟುವ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಮೇಲೂ ಪ್ರಯೋಗಿಸಿದೆ. ಮೈಕ್ರೋಸ್ಕೋಪ್‌ನಲ್ಲಿ ಆಸ್ಟ್ರಿಯೊಪ್ಸಿಸ್ ಎಂಬ ಜಾತಿ ಕಂಡಿತು. ಅದು ರಾತ್ರಿ ಮರಳು ಬಿಟ್ಟು ನೀರಿಗೇಳುತ್ತದೆ, ಹಾಗಾಗಿ ಪಂಪಿನ ಬಾಯನ್ನು ಸಂಪ್‌ನಿಂದ ತೆಗೆದು ನೇರ ಟ್ಯಾಂಕಿಗೇ ಇಟ್ಟೆ. ವಾರದಲ್ಲಿ ಮರಳು ಬೆಳ್ಳಗಾಯಿತು. ಆಂಫಿಡಿನಿಯಂ ಜಾತಿಯ ಡೈನೋ ಆಗಿದ್ದರೆ ಯುವಿಯಿಂದ ಹೆಚ್ಚೇನೂ ಆಗದು, ಅದು ಮರಳು ಬಿಟ್ಟು ಏಳುವುದು ಕಡಿಮೆ. ನೀರು ಶುದ್ಧವಾಗಿಡುವ ಬಾಟಲಿ ಬ್ಯಾಕ್ಟೀರಿಯಾ ಹಾಕಿದಾಗ ಮಾತ್ರ, ಅದೂ ಸಾಯದಿರಲೆಂದು, ದೀಪ ಆರಿಸಿ, ಎರಡು ದಿನ ಬಿಟ್ಟು ಹಚ್ಚುತ್ತೇನೆ.