ಎಣ್ಣೆ ಹೀರಿದ ಟ್ಯೂಬು ಎಷ್ಟು ದಿನ ಜಾರುತ್ತೆ?

ರಾಯಚೂರಿನಲ್ಲಿ ಅವ್ವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಪ್ರತಿ ಸಲ ಹೆಪಾರಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ. ಮನೆಗೆ ಬಂದ ಮೇಲೂ ಒಮ್ಮೊಮ್ಮೆ ಸೂಜಿ ಚುಚ್ಚಿದ ಜಾಗ ಜಿನುಗುತ್ತಿತ್ತು, ಹತ್ತಿ ಒತ್ತಿ ಹಿಡಿದು ಕೂರುತ್ತಿದ್ದೆ. ಹೆಪಾರಿನ್ ಕಡಿಮೆ ಮಾಡಿದರೆ ಯಂತ್ರಕ್ಕೆ ರಕ್ತ ಒಯ್ಯುವ ಟ್ಯೂಬಿನಲ್ಲೇ ರಕ್ತ ಹೆಪ್ಪುಗಟ್ಟುತ್ತೆ. ಟ್ಯೂಬಿನ ಒಳಮೈಯೇ ರಕ್ತ ಅಂಟದ ಹಾಗಿದ್ದರೆ? ಕಾಲೇಜಿನ ಲ್ಯಾಬಿನಲ್ಲಿ ನಾನು ಕೆಲಸ ಶುರು ಮಾಡಿದ್ದು ಹಾಗೆ.

2011ರಲ್ಲಿ ಹಾರ್ವರ್ಡ್‌ನ ಜೊವಾನಾ ಐಜೆನ್‌ಬರ್ಗ್ ತಂಡ ಕೀಟ ಹಿಡಿಯುವ ಹೂಜಿಗಿಡದ ಜಾರುವ ಅಂಚು ನೋಡಿ ಇಂಥ ಮೈ ಮಾಡಿತು. 2014ರಲ್ಲಿ ಅಲ್ಲಿಯವರೇ ಪರ್‌ಫ್ಲೋರೊಡೆಕಲಿನ್ ಎಂಬ ದ್ರವ ಸವರಿದ ಟ್ಯೂಬಿನಲ್ಲಿ ಹೆಪಾರಿನ್ ಇಲ್ಲದೆ ಹಂದಿಯ ರಕ್ತವನ್ನು 8 ಗಂಟೆ ಹರಿಸಿದರು. ಹೋಳಿಗೆ ತಟ್ಟುವಾಗ ಎಲೆಗೆ ಎಣ್ಣೆ ಸವರ್ತೀವಲ್ವಾ, ಹಾಗೇ. ಆದರೆ ಸವರಿದ್ದು ಉಳಿಯಬೇಕಲ್ಲ.

ಆ ದ್ರವ ತುಟ್ಟಿ, ಆವಿಯೂ ಆಗುತ್ತೆ. ನಾನು ಸಿಲಿಕೋನ್ ಟ್ಯೂಬಿನ ತುಂಡುಗಳನ್ನು ಎರಡು ದಿನ ಸಿಲಿಕೋನ್ ಎಣ್ಣೆಯಲ್ಲಿ ನೆನೆಹಾಕಿದೆ. ಎಣ್ಣೆ ಹೀರಿ ಉಬ್ಬಿದವು. ಮೊದಲ ದಿನ ಕನೆಕ್ಟರ್ ಸಡಿಲವಾಗಿ ಮೇಜೆಲ್ಲ ಒದ್ದೆ. ರೋಲರ್ ಪಂಪು ಟ್ಯೂಬನ್ನು ಹಿಂಡುತ್ತೆ, ಎಣ್ಣೆ ಹೋಗಿದ್ದು ಹಿಂಡಿದ್ದಕ್ಕೋ ಹರಿವಿಗೋ ತಿಳಿಯಲ್ಲ. ಅದಕ್ಕೆ ಸಲೈನ್ ಬಾಟಲಿಯನ್ನೇ ಎತ್ತರಕ್ಕೆ ಕಟ್ಟಿ ಹರಿಸಿದೆ.

ಮೂರು ದಿನ ಬಿಡದೆ ಹರಿಸಿದ ತುಂಡನ್ನು ಉದ್ದಕ್ಕೆ ಸೀಳಿ, ಓರೆ ಹಿಡಿದು ಹನಿ ಬಿಟ್ಟೆ. ಸುಮ್ನೆ ಜಾರಿ ಹೋಯಿತು. ಖುಷಿಯಾಯಿತು.

ಒಂದು ಬೆಳಿಗ್ಗೆ ನೋಡಿದರೆ ಬಾಟಲಿ ಖಾಲಿ, ಟ್ಯೂಬಿನೊಳಗೆ ಗಾಳಿ. ಮತ್ತೆ ತುಂಬಿಸಿದಾಗ ಕೆಳಗಿನ ಬೀಕರಿನ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ತೇಲಿತು. ನನ್ನ ಎಣ್ಣೆ! ಇನ್ನೊಂದು ತುಂಡನ್ನು ಬೇಕಂತಲೇ 20 ಸಲ ಖಾಲಿ ಮಾಡಿ ತುಂಬಿಸಿದೆ. ಈ ಸಲ ಹನಿ ಅರ್ಧ ದಾರಿಯಲ್ಲೇ ಅಂಟಿ ನಿಂತಿತು. ನೀರೂ ಗಾಳಿಯೂ ಕೂಡುವ ಗೆರೆ ಹಾದುಹೋಗುವಾಗ ಎಣ್ಣೆ ನೀರಿನ ಮೈಮೇಲೆ ಹರಡಿಕೊಂಡು ಅದರ ಜೊತೆಗೇ ಹೊರಟುಬಿಡುತ್ತೆ. ಮೂರು ದಿನದ ಹರಿವು ಮಾಡದ ಹಾನಿಯನ್ನು ಗಾಳಿ ಮಾಡಿತ್ತು.

ಡಯಾಲಿಸಿಸ್ ಟೆಕ್ನಿಷಿಯನ್ ಹುಡುಗನಿಗೆ ಹೇಳಿದೆ. "ಸರ, ನಮಗೂ ಹೆಪ್ಪು ಜಾಸ್ತಿ ಕಾಣೋದು ಡ್ರಿಪ್ ಚೇಂಬರಿನಲ್ಲೇ, ರಕ್ತಕ್ಕೆ ಗಾಳಿ ತಾಗೋ ಕಡೆ" ಎಂದ.

ಸೋತ ತುಂಡನ್ನು ಒಂದು ರಾತ್ರಿ ಹಾಗೇ ಬಿಟ್ಟೆ. ಒಳಗಿನ ಎಣ್ಣೆ ಮೇಲೆ ಬಂದು ಹನಿ ಮತ್ತೆ ಜಾರಿತು, ಮೊದಲಿನಷ್ಟಲ್ಲ. ಇಷ್ಟೆಲ್ಲ ಬರೀ ಸಲೈನ್‌ನಲ್ಲಿ, ರಕ್ತ ಇನ್ನೂ ಹರಿಸಿಲ್ಲ. ಡಯಾಲಿಸಿಸ್‌ನಲ್ಲಾದರೆ ಹೋದ ಎಣ್ಣೆ ರೋಗಿಯ ಮೈಗೇ ಸೇರುತ್ತೆ. ಅದಕ್ಕೆ ಈಗ ಪ್ರತಿ ತುಂಡನ್ನೂ ಹರಿಸುವ ಮೊದಲು, ಹರಿಸಿದ ಮೇಲೆ ತೂಗಿ ಬರೆದಿಡುತ್ತಿದ್ದೇನೆ.