ಬಾಯ್ ಸರ್ವಿಸ್‌ಗೆ ಹೊರಟ ದಾವಣಗೆರೆ ಹುಡುಗರಿಗೆ

ನಮ್ಮೂರಲ್ಲಿ ಡಿಪ್ಲೊಮಾ ಮುಗಿಸಿ ಕಡಲ ಕೆಲಸಕ್ಕೆ ಹೋಗೋ ಹುಡುಗರು ಕಡಿಮೆ. ಹೋಗೋರಿಗೆ ಇದು. ಬಾಯ್ (buoy) ಅಂದ್ರೆ ಸಮುದ್ರದಲ್ಲಿ ಲಂಗರು ಹಾಕಿ ತೇಲಿಬಿಟ್ಟ ಹವಾಮಾನ ಕೇಂದ್ರ. ನಮ್ಮ ದೇಶದ ಬಾಯ್‌ಗಳನ್ನು ನೋಡಿಕೊಳ್ಳೋದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಅಂದ್ರೆ ಎನ್‌ಐಒಟಿ.

ಹಡಗು ಹತ್ತುವ ಮೊದಲೇ ಬಾಯ್ ಉಪಗ್ರಹದ ಮೂಲಕ ಕಳಿಸಿದ ಅಂಕಿಗಳನ್ನು ಓದಿ. ಅಲೆ ಎದ್ದಿದ್ದರೂ ಗಾಳಿ ಸದಾ ಸೊನ್ನೆ ತೋರಿಸಿದರೆ ಗಾಳಿಮಾಪಕ ಸಿಕ್ಕಿಹಾಕಿಕೊಂಡಿರಬಹುದು. ಬ್ಯಾಟರಿ ಸೊರಗಿದ್ದರೆ ಸೋಲಾರ್ ಪ್ಯಾನೆಲ್ ಮೇಲೆ ಹಕ್ಕಿ ಹಿಕ್ಕೆ, ಇಲ್ಲವೇ ಪ್ಯಾನೆಲ್ಲೇ ಕಳುವಾಗಿದೆ! ಜಿಪಿಎಸ್ ಸ್ಥಾನ ಸರಿಯುತ್ತಲೇ ಇದ್ದರೆ ಲಂಗರಿನ ಹಗ್ಗ ಹರಿದಿದೆ ಅಂತ ಲೆಕ್ಕ. ಉಳಿದದ್ದೆಲ್ಲ ಬಿಟ್ಟು ಅದರ ಹಿಂದೆ ಹೋಗಿ.

ಸ್ಥಳ ತಲುಪಿದ ಮೇಲೆ ಏನನ್ನೂ ಮುಟ್ಟದೆ ಹಡಗಿನ ಅಳತೆಗಳ ಜೊತೆ ಬಾಯ್ ಅಳತೆ ಹೋಲಿಸಿ ಬರೆದಿಡಿ. ಡೆಕ್‌ಗೆ ಎತ್ತಿದ ಕೂಡಲೇ, ಹಸಿ ಇರುವಾಗಲೇ ಅದಕ್ಕೆ ಅಂಟಿದ ಚಿಪ್ಪುಜೀವಿಗಳನ್ನು ಕೆರೆಯಿರಿ. ಒಣಗಿದರೆ ನಿಮ್ಮ ರಟ್ಟೆ ಬೀಳುತ್ತೆ. ಕಬ್ಬಿಣದ ಪಟ್ಟಿಯಿಂದ ಕೆರೆಯೋದು ಬೇಡ, ಬಣ್ಣ ಏಳುತ್ತೆ. ಸವೆದ ಸತುವಿನ ಆನೋಡ್ (ಬಾಯ್ ಬದಲು ತಾನೇ ಸವೆಯುವ ತುಂಡು) ಬದಲಿಸಿ, ಅದಕ್ಕೆ ಮಾತ್ರ ಬಣ್ಣ ಬಳಿಯಬೇಡಿ. ಬಳಿದರೆ ತುಕ್ಕು ನೇರ ಬಾಯ್‌ಗೇ.

ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಹಳೆಯದನ್ನು ತಿರುಗಿ ಹಾಕಬೇಡಿ, ಅದು ಕೂರುವ ತೋಡನ್ನು ಬಟ್ಟೆಯಿಂದ ಒರೆಸಿ, ಒಂದು ಕೂದಲೂ ಉಳಿಯದ ಹಾಗೆ. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ನಮ್ಮ ದೋಸೆಗೆ ಬೆಣ್ಣೆ ಹಾಕಿದ ಹಾಗಲ್ಲ.

ತೇಲುವ ವಸ್ತುವಿನ ನೆರಳಿಗೆ ಮೀನು ಸೇರುತ್ತೆ, ಅದಕ್ಕೇ ದೋಣಿಯವರು ಬಾಯ್‌ಗೆ ಹಗ್ಗ ಕಟ್ಟೋದು. ಬೈಯಬೇಡಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಮೀನುಗಾರರಿಗೆ ಕೊಡುವ ಅಲೆ ಮುನ್ಸೂಚನೆ ಸರಿಯಿದೆಯೇ ಅಂತ ನೋಡಲು ಇದೇ ಬಾಯ್ ಬೇಕು ಅಂತ ಹೇಳಿ.

ನೀರಿಗಿಳಿಸಿದ ಮೇಲೆ ಮೊದಲ ಸಂದೇಶ ದಡ ತಲುಪಿದ್ದು ಖಾತ್ರಿಯಾಗುವ ತನಕ ಹಡಗು ತಿರುಗಿಸಬೇಡಿ.