ಕುಸ್ವಾರ್ ಡಬ್ಬಿ ಮತ್ತು ಸಕ್ಕರೆ ಕಾಯಿಲೆ: ಕ್ರಿಸ್‌ಮಸ್ ದಿನಗಳ ಆಹಾರ ಕ್ರಮ

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಮಧುಮೇಹಿಗಳಿಗೆ ಹೆಚ್ಚು ತೊಂದರೆ ಕೊಡುವುದು ಡಿಸೆಂಬರ್ 25ರ ಮಧ್ಯಾಹ್ನದ ಊಟವಲ್ಲ. ಅದಕ್ಕೆ ವಾರ ಮೊದಲೇ ತುಂಬಿ, ಹೊಸ ವರ್ಷ ಕಳೆದ ಮೇಲೂ ಖಾಲಿಯಾಗದೆ ಉಳಿಯುವ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ಡಬ್ಬಿ. ಒಂದು ಊಟದಿಂದ ಏರಿದ ಸಕ್ಕರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಹತೋಟಿಗೆ ಬರುತ್ತದೆ. ಆದರೆ ಬೆಳಗಿನ ಕಾಫಿಗೆ ನಾಲ್ಕು ಕಿಡ್ಯೊ (ಕರಿದ ಹಿಟ್ಟಿನ ಸುರುಳಿ), ನೆಂಟರು ಬಂದಾಗ ಅವರ ಜೊತೆಗೊಂದು ನೆವ್ರಿ (ಹೂರಣ ತುಂಬಿದ ಕರಿಗಡುಬು), ರಾತ್ರಿ ಟಿ.ವಿ. ಮುಂದೆ ಒಂದು ತುಂಡು ಕೇಕ್ ಎಂದು ಎರಡು ವಾರ ನಡೆದರೆ, ಸಕ್ಕರೆ ಇಳಿಯಲು ಬಿಡುವೇ ಸಿಗುವುದಿಲ್ಲ. ಆದ್ದರಿಂದ ಮೊದಲು ಲೆಕ್ಕ ಹಾಕಬೇಕಾದದ್ದು ಡಬ್ಬಿಯದು. ಕುಸ್ವಾರನ್ನು ನೆರೆಹೊರೆಗೆಲ್ಲ ಹಂಚುವ ರೂಢಿಯಿರುವುದರಿಂದ, ಅದನ್ನು ಪಡೆಯುವ ಹಿಂದೂ, ಮುಸ್ಲಿಂ ಮನೆಗಳ ಮಧುಮೇಹಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಈ ಲೆಕ್ಕ ಶುರುವಾಗುವುದು ತಯಾರಿಯ ದಿನವೇ. ಮನೆಯವರೆಲ್ಲ ಸುತ್ತ ಕೂತು ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಕಿಡ್ಯೊ ಸುರುಳಿ ಮಾಡುವಾಗ, ಎಣ್ಣೆಯಲ್ಲಿ ಬಾಯಿಬಿಟ್ಟ ನೆವ್ರಿಗಳು, ತುದಿ ಮುರಿದ ರೋಸ್ ಕುಕ್ಕೀಸ್‌ಗಳು ಡಬ್ಬಿ ಸೇರದೆ ನೇರ ಬಾಯಿಗೆ ಹೋಗುತ್ತವೆ, ಮತ್ತು ಅವನ್ನು ಯಾರೂ ಎಣಿಸುವುದಿಲ್ಲ. ಮಧುಮೇಹಿಗಳು ಹೊಟ್ಟೆ ತುಂಬ ಊಟ ಮಾಡಿಯೇ ಆ ಕೆಲಸಕ್ಕೆ ಕೂರುವುದು ಒಳ್ಳೆಯದು.

ಯಾವುದರಲ್ಲಿ ಏನಿದೆ ಎಂಬುದನ್ನು ತಿಳಿದಿರಬೇಕು. ನೆವ್ರಿಯ ಹೊದಿಕೆ ಮೈದಾ. ಒಳಗಿನ ಎಳ್ಳು, ತೆಂಗಿನಕಾಯಿಯ ಹೂರಣಕ್ಕೆ ಸಕ್ಕರೆಯೂ ಒಣದ್ರಾಕ್ಷಿಯೂ ಸೇರಿರುತ್ತವೆ. ಕಿಡ್ಯೊಗಳನ್ನು ಪಾಕದಲ್ಲಿ ಹೊರಳಿಸುವ ಮನೆಗಳೂ ಇವೆ, ಹಾಗೆಯೇ ಬಿಡುವ ಮನೆಗಳೂ ಇವೆ, ಪಾಕವಿಲ್ಲದ್ದನ್ನು ಆರಿಸಿಕೊಳ್ಳಬಹುದು. ಸಿಹಿಯಿಲ್ಲ ಎಂಬ ಧೈರ್ಯದಿಂದ ಚಕ್ಕುಲಿಯನ್ನು ಬೊಗಸೆಗಟ್ಟಲೆ ತಿನ್ನುವವರಿದ್ದಾರೆ, ಆದರೆ ಅಕ್ಕಿ ಹಿಟ್ಟೂ ಹೊಟ್ಟೆಯೊಳಗೆ ಗ್ಲೂಕೋಸೇ ಆಗುತ್ತದೆ. ಬೆಲ್ಲದ ತಿಂಡಿ ಸುರಕ್ಷಿತ ಎಂಬ ನಂಬಿಕೆಗೂ ಆಧಾರವಿಲ್ಲ. ‘ಶುಗರ್ ಫ್ರೀ’ ಎಂದು ಮಾರುವ ಕೇಕಿನಲ್ಲಿಯೂ ಸಾಮಾನ್ಯವಾಗಿ ಮೈದಾ ಮತ್ತು ಒಣಹಣ್ಣು ಇರುತ್ತವೆ. ಸೋರ್ಬಿಟಾಲ್‌ನಂತಹ ಸಿಹಿಕಾರಕ ಹಾಕಿದ್ದರೆ, ಹೆಚ್ಚು ತಿಂದಾಗ ಹೊಟ್ಟೆ ಕೆಡಲೂಬಹುದು. ನನ್ನ ಅಭಿಪ್ರಾಯದಲ್ಲಿ, ಅಂಥ ದೊಡ್ಡ ತುಂಡಿಗಿಂತ ಮನೆಯ ನಿಜವಾದ ಪ್ಲಮ್ ಕೇಕಿನ ಸಣ್ಣ ತುಂಡೇ ಮೇಲು.

ತಿನ್ನುವುದಾದರೆ ಮೂರು ನಿಯಮಗಳನ್ನು ಪಾಲಿಸಬೇಕು. ದಿನಕ್ಕೆ ಒಂದು ಬಾರಿ ಮಾತ್ರ ತಿನ್ನಬೇಕು. ಖಾಲಿ ಹೊಟ್ಟೆಗೆ ಅಥವಾ ಚಹಾದ ಹೊತ್ತಿಗೆ ತಿನ್ನದೆ ಊಟದ ಕೊನೆಗೆ ತಿನ್ನಬೇಕು. ತಿಂದಷ್ಟನ್ನು ಅದೇ ಊಟದ ಅನ್ನದಲ್ಲಿ ಕಳೆಯಬೇಕು. ಸುಮಾರು 50 ಗ್ರಾಂ ತೂಗುವ ಪ್ಲಮ್ ಕೇಕಿನ ತುಂಡಿನಲ್ಲಿ ಹೆಚ್ಚುಕಡಿಮೆ 30 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಅಂದರೆ ಸುಮಾರು 100 ಗ್ರಾಂ ಬೇಯಿಸಿದ ಅನ್ನದಲ್ಲಿರುವಷ್ಟು. ಬೇಕಾದಷ್ಟನ್ನು ತಟ್ಟೆಗೆ ತೆಗೆದುಕೊಂಡು, ಮುಚ್ಚಳ ಹಾಕಿ, ಡಬ್ಬಿಯನ್ನು ಒಳಗಿಟ್ಟು ಬಂದ ಮೇಲೆಯೇ ಮೊದಲ ತುತ್ತು ಬಾಯಿಗಿಡಬೇಕು.

ಹಬ್ಬದೂಟದಲ್ಲಿ ಸನ್ನ (ಇಡ್ಲಿಯಂಥ ಅಕ್ಕಿಯ ತಿಂಡಿ), ಪಾವ್, ಪುಲಾವ್ ಮೂರೂ ಇದ್ದರೆ ಒಂದನ್ನೇ ಆರಿಸಿಕೊಳ್ಳಬೇಕು. ಮೊದಲು ತರಕಾರಿ, ಸಲಾಡ್, ನಂತರ ಕೋಳಿ ಅಥವಾ ಮೀನು, ಕೊನೆಗೆ ಸನ್ನ ಅಥವಾ ಅನ್ನ ಎಂಬ ಅನುಕ್ರಮದಲ್ಲಿ ಉಂಡರೆ, ಅದೇ ಆಹಾರದಿಂದ ಸಕ್ಕರೆ ಏರುವ ಪ್ರಮಾಣ ಕಡಿಮೆಯಾಗುತ್ತದೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯುವುದರಿಂದಲೂ ಪ್ರಯೋಜನವಿದೆ. ಹಂದಿ ಮಾಂಸದ ಬಫಾತ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಮಾಂಸದಿಂದ ಸಕ್ಕರೆ ಹೆಚ್ಚು ಏರುವುದಿಲ್ಲವಾದರೂ, ಅದರ ಕೊಬ್ಬು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುವುದರಿಂದ, ಜೊತೆಗೆ ತಿಂದ ಸನ್ನದ ಸಕ್ಕರೆ ತಡವಾಗಿ ಏರುತ್ತದೆ. ಊಟವಾಗಿ ಎರಡು ಗಂಟೆ ಕಳೆದಾಗ ಪರೀಕ್ಷಿಸಿ ನಿಶ್ಚಿಂತರಾಗದೆ, ನಾಲ್ಕು ಗಂಟೆ ಕಳೆದ ಮೇಲೆ ಇನ್ನೊಮ್ಮೆ ನೋಡಬೇಕು. ಬಹುತೇಕ ವಯಸ್ಕರಿಗೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ ಊಟಕ್ಕೆ ಮೊದಲು 80ರಿಂದ 130, ಊಟ ಆರಂಭಿಸಿ ಒಂದೆರಡು ಗಂಟೆಯ ನಂತರ 180 ಮಿಲಿಗ್ರಾಂಗಿಂತ ಕಡಿಮೆ ಇರಬೇಕೆಂಬುದು ರೂಢಿಯ ಗುರಿ. ವಯೋವೃದ್ಧರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ.

24ರ ರಾತ್ರಿಯ ಬಲಿಪೂಜೆ (ಮಾಸ್) ಕೆಲವು ಚರ್ಚ್‌ಗಳಲ್ಲಿ ಸಂಜೆಯೇ ಮುಗಿಯುತ್ತದೆ, ಕೆಲವೆಡೆ ತಡವಾಗುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರು ಎಂದಿನಂತೆ ಎಂಟು ಗಂಟೆಗೆ ಚುಚ್ಚಿಕೊಂಡು, ಊಟ ಮಾಡದೆ ಚರ್ಚ್‌ಗೆ ಹೊರಟರೆ ಸಕ್ಕರೆ ಕುಸಿಯುವ ಅಪಾಯವಿದೆ. ಎಂದಿನ ಹೊತ್ತಿಗೇ ಉಂಡು ಹೋಗುವುದು ಅತ್ಯಂತ ಸರಳ. ತಡವಾಗಿ ಉಣ್ಣಲೇಬೇಕಿದ್ದರೆ ಪ್ರಮಾಣವನ್ನೂ ಸಮಯವನ್ನೂ ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಹಬ್ಬದ ರಾತ್ರಿ ಅವರು ಫೋನಿಗೆ ಸಿಗುವುದು ಕಷ್ಟ. ಹೆಚ್ಚು ತಿಂದೆನೆಂದು ಮಾತ್ರೆಯನ್ನು ದುಪ್ಪಟ್ಟು ನುಂಗುವುದಂತೂ ಕೂಡದು.

ಮನೆಯಲ್ಲಿ ತಯಾರಿಸಿದ ದ್ರಾಕ್ಷಿ ವೈನ್ ಸಿಹಿಯಾಗಿರುವುದರಿಂದ ಸಕ್ಕರೆಯನ್ನು ಮೊದಲು ಏರಿಸಬಹುದು. ಆದರೆ ನಂತರದ ಇಳಿತ ಹೆಚ್ಚು ಅಪಾಯಕಾರಿ. ಯಕೃತ್ತು ಮದ್ಯವನ್ನು ಕರಗಿಸುವ ಕೆಲಸದಲ್ಲಿರುವಾಗ ರಕ್ತಕ್ಕೆ ಗ್ಲೂಕೋಸ್ ಬಿಡುಗಡೆ ಮಾಡುವುದನ್ನು ಕಡಿಮೆ ಮಾಡುತ್ತದೆ, ಹೀಗಾಗಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಿದ್ದೆಯಲ್ಲಿಯೇ ಸಕ್ಕರೆ ಕುಸಿಯಬಹುದು. ಕುಡಿಯಲೇಬೇಕೆನ್ನುವವರು ಊಟದ ಜೊತೆ ಒಂದು ಸಣ್ಣ ಗ್ಲಾಸಿಗೆ ನಿಲ್ಲಿಸಿ, ಮಲಗುವ ಮೊದಲು ಪರೀಕ್ಷಿಸಿಕೊಳ್ಳಬೇಕು. ಕುಸಿತದ ತೊದಲು, ತೂರಾಟಗಳನ್ನು ಕುಡಿತದ ಅಮಲೆಂದು ಸುತ್ತಲಿನವರು ತಪ್ಪು ತಿಳಿಯುವ ಸಾಧ್ಯತೆ ಇರುವುದರಿಂದ, ಜೊತೆಗಿರುವ ಒಬ್ಬರಿಗಾದರೂ ವಿಷಯ ತಿಳಿಸಿರಬೇಕು.

ಬೆವರು, ನಡುಕ, ಎದೆಬಡಿತ ಕಂಡು ಸಕ್ಕರೆ 70ಕ್ಕಿಂತ ಕೆಳಗಿದ್ದರೆ, 15 ಗ್ರಾಂ ಗ್ಲೂಕೋಸ್ ಪುಡಿಯನ್ನಾಗಲಿ ಸಕ್ಕರೆಯನ್ನಾಗಲಿ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಕೈಗೆ ಸಿಕ್ಕಿತೆಂದು ಕೇಕ್ ತಿಂದರೆ ಅದರ ಕೊಬ್ಬು ತಡ ಮಾಡುತ್ತದೆ. ಮಾತ್ರೆಗಳಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವವರಿಗೆ ಅಡುಗೆಮನೆಯ ಸಕ್ಕರೆಯೂ ಬೇಗ ಕೆಲಸ ಮಾಡದು, ಏಕೆಂದರೆ ಅದು ಒಡೆದು ಗ್ಲೂಕೋಸ್ ಆಗುವುದನ್ನೇ ಆ ಔಷಧಿ ತಡೆಯುತ್ತದೆ. ಅವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಸೇವಿಸುವವರಿಗೆ ವಾಂತಿಯಾಗಿ ಆಹಾರ ಸೇರದಿದ್ದರೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಮುಂಬೈಯಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ಹಬ್ಬಕ್ಕೆ ಬರುವವರು ಇನ್ಸುಲಿನ್, ಗ್ಲೂಕೋಮೀಟರ್, ವೈದ್ಯರ ಚೀಟಿಗಳನ್ನು ಕೈಚೀಲದಲ್ಲಿಯೇ ತರಬೇಕು. ವಿಮಾನದ ಸಾಮಾನು ಕೋಣೆಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.

ಮನೆಯವರು ಮಾಡಬಹುದಾದ ಕೆಲಸವೂ ಇದೆ. ಅತಿಥಿಗಳ ಮುಂದೆ ಕುಸ್ವಾರ್ ತಟ್ಟೆಯ ಪಕ್ಕದಲ್ಲಿ ಹುರಿದ ನೆಲಗಡಲೆ, ಸೌತೆಕಾಯಿ, ಹೆಚ್ಚಿದ ಪೇರಳೆ ಇಟ್ಟು, ಸಕ್ಕರೆಯಿಲ್ಲದ ಚಹಾ ಬೇಕೇ ಎಂದು ಎಲ್ಲರನ್ನೂ ಒಂದೇ ದನಿಯಲ್ಲಿ ಕೇಳಿದರೆ, ತನ್ನ ಕಾಯಿಲೆಯನ್ನು ಹತ್ತು ಜನರೆದುರು ಹೇಳಿಕೊಳ್ಳಬೇಕಾದ ಮುಜುಗರ ಯಾರಿಗೂ ಇರುವುದಿಲ್ಲ.